ಗೂಡೊಲ್ಲದ ಕೋಳಿ

ನಾಟಿಕೋಳಿ ಮತ್ತೆ ಹಿತ್ತಲಿಗೆ ಬಂದಿದೆ. ಬೆಂಗಳೂರಿನ ಅಂಚಿನ ಬಡಾವಣೆಗಳ ಖಾಲಿ ಸೈಟುಗಳಲ್ಲಿ, ನಗರದ ಕೆಲಸ ಬಿಟ್ಟು ಊರಿಗೆ ಮರಳಿದವರ ತೋಟಗಳಲ್ಲಿ, ಹೋಂಸ್ಟೇಗಳ ಅಂಗಳದಲ್ಲಿ ಹುಂಜದ ಕೂಗು ಈಗ ಮಾಮೂಲು. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಸುಮಾರು 85 ಕೋಟಿ ಕೋಳಿ, ಬಾತುಗಳ ಪೈಕಿ 31 ಕೋಟಿ 70 ಲಕ್ಷದಷ್ಟು ಮನೆಯ ಹಿತ್ತಲಲ್ಲೇ ಬೆಳೆಯುವಂಥವು. 2012ರ ಗಣತಿಗಿಂತ ಈ ಹಿತ್ತಲ ಲೆಕ್ಕ ಶೇ. 46ರಷ್ಟು ಏರಿದೆ. ಕೋಳಿಯ ಹಿಂದೆಯೇ ಅದರ ಹಳೆಯ ತಾಪತ್ರಯವೂ ಬಂದಿದೆ. ಹೊತ್ತು ಮುಳುಗಿದರೂ ಒಂದು ಕೋಳಿ ಗೂಡಿಗೆ ಬರುವುದಿಲ್ಲ. ಕಬ್ಬಿಣದ ಜಾಲರಿಯ ರೆಡಿಮೇಡ್ ಗೂಡು ಬಾಗಿಲು ತೆರೆದುಕೊಂಡು ನಿಂತಿರುತ್ತದೆ. ಪೊರಕೆ ಹಿಡಿದವರೊಬ್ಬರು, ಮೊಬೈಲಿನ ಟಾರ್ಚು ಹಿಡಿದವರೊಬ್ಬರು ಅದರ ಸುತ್ತ ಓಡುತ್ತಿರುತ್ತಾರೆ. ಕೋಳಿ ಕಾಂಪೌಂಡಿನ ಮೇಲೋ ಕಾರಿನ ಬಾನೆಟ್ಟಿನ ಮೇಲೋ ಹತ್ತಿ ಕೂತಿರುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಬೆಳೆದ ನನ್ನ ತಲೆಮಾರಿನವರಿಗೆ ಈ ಓಡಾಟ ಕಂಡರೆ ಒಂದು ಕಾಲದ ಸಂಜೆಗಳೆಲ್ಲ ನೆನಪಿಗೆ ಬರುತ್ತವೆ. ಆ ನೆನಪು ಬೆಚ್ಚಗಿದೆ ನಿಜ. ಆದರೆ ಅದನ್ನು ಹಾಗೆಯೇ ನಂಬಿಬಿಡಲು ನನಗೆ ಮನಸ್ಸಿಲ್ಲ. ಆ ಕಾಲದವರು ಕೋಳಿಯನ್ನು ಗೂಡಿಗೆ ಸೇರಿಸಲು ಏನು ಮಾಡುತ್ತಿದ್ದರು, ಅದು ಬಾರದಿದ್ದಾಗ ಏನು ಹೇಳುತ್ತಿದ್ದರು ಎಂಬ ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಅವರು ಮಾಡುತ್ತಿದ್ದುದು ಬಹುಪಾಲು ಸರಿ, ಹೇಳುತ್ತಿದ್ದುದು ಬಹುಪಾಲು ತಪ್ಪು ಎಂಬುದು ನನ್ನ ವಾದ.

ಮೊದಲು ಮಾಡುತ್ತಿದ್ದುದನ್ನು ನೋಡೋಣ. ಕೋಳಿ ಸಾಕುವ ಕೇರಿಗಳಲ್ಲಿ ಗೂಡೆಂದರೆ ಜಗಲಿಯ ಕೆಳಗೆ ಕಟ್ಟುವಾಗಲೇ ಬಿಟ್ಟ ಒಂದು ಬಿಲದಂಥ ಜಾಗ, ಬಾಗಿಲಿಗೆ ಒಂದು ಚಪ್ಪಡಿ ಕಲ್ಲು, ಕಲ್ಲು ಜಾರದಂತೆ ಒತ್ತಿಗೆ ಒಂದು ಗುಂಡು. ಅಷ್ಟೂ ಇಲ್ಲದವರು ಬಿದಿರಿನ ಮಂಕರಿ ಕವುಚಿ ಮೇಲೊಂದು ಭಾರ ಹೇರುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆ ಮನೆಯ ಹೆಂಗಸು ಮೊರದಲ್ಲಿ ಒಂದು ಹಿಡಿ ನುಚ್ಚನ್ನೋ ರಾಗಿಯನ್ನೋ ತಂದು, ಗೂಡಿನ ಬಾಯಿಗೆ ಎರಚಿ, "ಬಾ... ಬಾ ಬಾ ಬಾ" ಎಂದು ಒಂದೇ ರಾಗದಲ್ಲಿ ಕರೆಯುತ್ತಿದ್ದಳು. ಪ್ರತಿ ಮನೆಗೂ ಒಂದೊಂದು ರಾಗ. ಪಕ್ಕದ ಮನೆಯ ಕರೆಗೆ ಈ ಮನೆಯ ಕೋಳಿ ತಲೆ ಎತ್ತುತ್ತಿರಲಿಲ್ಲ. ಕೋಳಿಗಳು ಒಳಗೆ ಸೇರಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಗೂಡಿನ ಕತ್ತಲೊಳಗೆ ಮೊಳಕೈವರೆಗೆ ಕೈ ತೂರಿಸಿ, ಒಂದೊಂದರ ಬೆನ್ನು ಸವರಿ ಎಣಿಸಬೇಕಿತ್ತು. ಬೆನ್ನು ಮುಟ್ಟಿದರೆ ಸಾಕು, ಇದು ಬೋಳು ಕತ್ತಿನದು, ಇದು ಕುಂಟಿ, ಇದು ನಾಳೆ ಮೊಟ್ಟೆ ಇಡುವುದು ಎಂದು ಆ ಕೈಗೆ ತಿಳಿಯುತ್ತಿತ್ತು. ಇದೆಲ್ಲ ಬರೀ ಅಕ್ಕರೆಯ ಕೆಲಸವೂ ಆಗಿರಲಿಲ್ಲ. ಹೊಲದ ಫಸಲಿನ ದುಡ್ಡು ಗಂಡಸಿನ ಜೇಬಿಗೆ ಹೋಗುತ್ತಿದ್ದ ಮನೆಗಳಲ್ಲಿ ಮೊಟ್ಟೆಯ ಕಾಸು ಹೆಂಗಸಿನ ಸೆರಗಿನ ಗಂಟಿಗೆ ಸೇರುತ್ತಿತ್ತು. ಮಕ್ಕಳ ಬಳಪ, ಸಂತೆಯ ಬಳೆ, ಅವಸರದ ಬಸ್ ಚಾರ್ಜು ಎಲ್ಲ ಅದರಿಂದಲೇ. ರಾತ್ರಿ ಒಂದು ಕೋಳಿಯನ್ನು ಕಾಡುಬೆಕ್ಕು ಹೊತ್ತರೆ ಆ ನಷ್ಟ ಮನೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ, ಅವಳ ಲೆಕ್ಕಕ್ಕೆ ಬರುತ್ತಿತ್ತು.

ಇನ್ನು ಹೇಳುತ್ತಿದ್ದುದು. ಎಲ್ಲ ಕೋಳಿ ಬಂದು ಒಂದು ಮಾತ್ರ ಸೀಬೆಮರ ಹತ್ತಿ ಕೂತರೆ ಮನೆಯವರಿಗೆ ಕಾರಣ ಹುಡುಕುವ ಅಗತ್ಯ ಬೀಳುತ್ತಿರಲಿಲ್ಲ. ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ಅದಕ್ಕೆ ಹಟ, ಅದಕ್ಕೆ ಕೊಬ್ಬು, "ಅದ್ಕೆ ಜಾಸ್ತಿ ಆಗದೆ ಕಣವ್ವ, ಬರೋ ಹಬ್ಬಕ್ಕೆ ಅದ್ನೇ ಕೂದಾಕಿ". ಈ ಮಾತು ಬರೀ ಬೈಗುಳವಾಗಿ ಉಳಿಯುತ್ತಿರಲಿಲ್ಲ. ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೋ ನೆಂಟರು ಬಂದ ರಾತ್ರಿಗೋ ಯಾವ ಕೋಳಿ ಎಂಬ ಪ್ರಶ್ನೆ ಎದ್ದಾಗ ದಿನಾ ಸತಾಯಿಸುವುದರ ಸರದಿಯೇ ಮೊದಲು ಬರುತ್ತಿತ್ತು. ಕೋಳಿ ತೊಲಗಿದರೆ ತೊಂದರೆಯೂ ತೊಲಗಿತೆಂಬ ಲೆಕ್ಕ ಅದು. ಆದರೆ ಕೆಲವು ವಾರಗಳಲ್ಲಿ ಇನ್ನೊಂದು ಕೋಳಿ ಅದೇ ಕೊಂಬೆಗೆ ಹತ್ತುವುದು, ಅದಕ್ಕೂ ಅದೇ ಬಿರುದು ಸಿಗುವುದು ಅಪರೂಪವಾಗಿರಲಿಲ್ಲ. ಒಂದರ ಹಿಂದೆ ಒಂದು ಕೋಳಿ ಅದೇ ಗೂಡನ್ನು ಬೇಡವೆನ್ನುತ್ತಿದ್ದರೆ ಕೋಳಿಗಳ ಗುಣವನ್ನಷ್ಟೇ ಪ್ರಶ್ನಿಸಿ ಸುಮ್ಮನಾಗುವುದು ನ್ಯಾಯವಲ್ಲ. ಗೂಡನ್ನೂ ಕಟಕಟೆಗೆ ತರಬೇಕು. ಹಾಗೆ ತಂದರೆ, ಗೂಡೊಲ್ಲದ ಕೋಳಿ ಆರೋಪಿಯ ಜಾಗ ಬಿಟ್ಟು ಸಾಕ್ಷಿಯ ಜಾಗಕ್ಕೆ ಬರುತ್ತದೆ. ಅದು ಹೇಳುವ ಸಾಕ್ಷ್ಯ ಏನೆಂದು ಒಂದೊಂದಾಗಿ ಕೇಳಬಹುದು.

ಮೊದಲ ಸಾಕ್ಷ್ಯ ಅದರ ಮೂಲದ್ದು. ಸಾಕಿದ ಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಪಾಲೂ ಅದರಲ್ಲಿದೆ. ಸಾಕುಕೋಳಿಯ ಹಳದಿ ಕಾಲಿಗೆ ಕಾರಣವಾದ ಜೀನು ಬಂದದ್ದು ಈ ಬೂದು ಕಾಡುಕೋಳಿಯಿಂದ ಎಂದು 2008ರ ಒಂದು ಅಧ್ಯಯನ ತೋರಿಸಿಕೊಟ್ಟಿತು. ಕೆಂಪಾಗಲಿ ಬೂದಾಗಲಿ, ಹಗಲೆಲ್ಲ ನೆಲ ಕೆದಕಿ ಮೇಯುವ ಈ ಹಕ್ಕಿಗಳು ರಾತ್ರಿಗೆ ಮರವೇರುತ್ತವೆ. ಅವನ್ನು ಮನುಷ್ಯರ ಬಳಿಗೆ ಇಳಿಸಿದ್ದು ಕಾಳು. 2022ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಸಾಕುಕೋಳಿಯ ಅತಿ ಹಳೆಯ ನಂಬಲರ್ಹ ಕುರುಹುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿವೆ, ಕ್ರಿ.ಪೂ. 1650ರಿಂದ 1250ರ ನಡುವಿನವು. ಭತ್ತ, ಸಿರಿಧಾನ್ಯದ ಒಣಬೇಸಾಯ ಹಬ್ಬಿದ ಕಡೆ ಉದುರಿದ ಕಾಳಿಗೆ ಕಾಡುಕೋಳಿ ಮರದಿಂದ ಇಳಿದು ಬಂತೆಂಬುದು ಆ ಸಂಶೋಧಕರ ವಿವರಣೆ. ಅಂದರೆ ಮೊರದ ನುಚ್ಚು ಮೂರು ಸಾವಿರ ವರ್ಷಕ್ಕೂ ಹಳೆಯ ಒಪ್ಪಂದದ ಮುಂದುವರಿಕೆ. ಆದರೆ ಆ ಒಪ್ಪಂದ ಹಗಲಿನದು. ಇರುಳಿನ ಬಗ್ಗೆ ಕೋಳಿಯ ಮೈ ಇನ್ನೂ ಕಾಡಿನ ಕಡೆಗೇ ವಾಲುತ್ತದೆ. ಕೊಂಬೆಯ ಮೇಲೆ ಕಾಲು ಮಡಿಸಿ ಕೂತೊಡನೆ ಸ್ನಾಯುರಜ್ಜು ಬಿಗಿದು ಬೆರಳುಗಳು ತಾವಾಗಿ ಕೊಂಬೆಯನ್ನು ಹಿಡಿದುಕೊಳ್ಳುತ್ತವೆ. ನಿದ್ದೆಯಲ್ಲೂ ಬೀಳದಂತೆ ಮಾಡಿದ ವ್ಯವಸ್ಥೆ ಅದು. ಈ ಬಯಕೆ ಎಷ್ಟು ಗಟ್ಟಿ ಎಂಬುದನ್ನು ಅನ್ನಾ ಓಲ್ಸನ್ ಮತ್ತು ಲಿಂಡಾ ಕೀಲಿಂಗ್ ಅಳೆದು ನೋಡಿದರು. ತಳ್ಳಿ ತೆಗೆಯಬೇಕಾದ ಬಾಗಿಲಿನ ಆಚೆ ಕೂರುವ ಅಡ್ಡೆಯಿಟ್ಟು, ಬಾಗಿಲಿನ ಭಾರ ಏರಿಸುತ್ತ ಹೋದ ಅವರ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ರಾತ್ರಿ ಅಡ್ಡೆಯ ಮೇಲೆ ಕೂರುವುದಕ್ಕಾಗಿ ಹೇಟೆಗಳು ಹೆಚ್ಚಿನ ಭಾರವನ್ನೂ ತಳ್ಳಿದವು. ಐರೋಪ್ಯ ಒಕ್ಕೂಟದ 1999ರ ನಿಯಮ ಮೊಟ್ಟೆಕೋಳಿಗೆ ತಲಾ 15 ಸೆಂಟಿಮೀಟರ್ ಅಡ್ಡೆ ಇರಲೇಬೇಕೆಂದು ವಿಧಿಸಿ, ಹಳೆಯ ಬಗೆಯ ಬರಿ ಪಂಜರಗಳನ್ನು 2012ರಿಂದ ನಿಷೇಧಿಸಿತು. ಜಗಲಿ ಕೆಳಗಿನ ನಮ್ಮ ಗೂಡುಗಳಲ್ಲಿ ಅಡ್ಡೆ ಎಂಬುದೇ ಇರಲಿಲ್ಲ. ತಲೆ ಎತ್ತಲು ಜಾಗವಿಲ್ಲದ ಕಡೆ, ತಮ್ಮದೇ ಹಿಕ್ಕೆಯ ಮೇಲೆ ಅವು ಕುಕ್ಕರಿಸಬೇಕಿತ್ತು. ಎದುರಿಗೆ ಸೀಬೆಮರದ ಗಟ್ಟಿ ಕೊಂಬೆ ಕಾಣುತ್ತಿರುವಾಗ ಕೋಳಿ ಯಾವುದನ್ನು ಆರಿಸೀತು?

ಎರಡನೆಯದು ಕಣ್ಣಿನ ಸಾಕ್ಷ್ಯ. ಕೋಳಿಯ ಕಣ್ಣು ಹಗಲಿಗೆ ಹೇಳಿ ಮಾಡಿಸಿದ್ದು. ನಮಗೆ ಕಾಣದ ನೇರಳಾತೀತ ಬೆಳಕೂ ಅದಕ್ಕೆ ಕಾಣುತ್ತದೆ; ಆದರೆ ಮಬ್ಬುಬೆಳಕಿಗೆ ಬೇಕಾದ ದಂಡಕೋಶಗಳು ಕಡಿಮೆ. ಮನುಷ್ಯ ಇನ್ನೂ ಆರಾಮವಾಗಿ ಓಡಾಡುವ ಮುಚ್ಚಂಜೆಯಲ್ಲಿ ಕೋಳಿ ಆಗಲೇ ತಡಕಾಡುತ್ತಿರುತ್ತದೆ. ಹೊರಗೆ ಚೂರು ಬೆಳಕಿದ್ದು ಗೂಡಿನೊಳಗೆ ಕಗ್ಗತ್ತಲಿದ್ದರೆ ಅದರ ಪಾಲಿಗೆ ಗೂಡಿನ ಬಾಯಿ ಎಂದರೆ ಕಪ್ಪನೆಯ ತೂತು. ಒಳಗೆ ಹಾವಿದೆಯೋ ಇಲಿಯಿದೆಯೋ ತನ್ನದೇ ಬಳಗವಿದೆಯೋ ತಿಳಿಯದು. ಹಾಗಾಗಿ ಕರೆಯುವ ಹೊತ್ತು ಮುಖ್ಯವಾಗುತ್ತದೆ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು ಸಂಜೆ 5.50ರ ಸುಮಾರಿಗೆ, ಜುಲೈ ಮೊದಲಲ್ಲಿ 6.50ರ ಸುಮಾರಿಗೆ. ಗಡಿಯಾರ ನೋಡಿ ಆರೂವರೆಗೆ ಗೂಡಿನ ಹತ್ತಿರ ಹೋಗುವ ಮನೆಯವರಿಗೆ ಜುಲೈನಲ್ಲಿ ಅಂಗಳದಲ್ಲಿ ಮೇಯುತ್ತಿರುವ ಕೋಳಿಯೂ ಚಳಿಗಾಲದಲ್ಲಿ ಆಗಲೇ ಮರ ಹತ್ತಿದ ಕೋಳಿಯೂ ಸಿಗುತ್ತವೆ. ಎರಡನ್ನೂ ಅವರು ಹಟ ಎನ್ನುತ್ತಾರೆ. ಗಡಿಯಾರವಿಲ್ಲದ ಹೆಂಗಸರು ದೀಪ ಹಚ್ಚುವ ಹೊತ್ತನ್ನು ನಂಬಿದ್ದರು. ಅದು ಬೆಳಕಿನ ಜೊತೆಗೇ ಹಿಂದೆ ಮುಂದೆ ಸರಿಯುವ ಹೊತ್ತು, ಕೋಳಿಯ ಲೆಕ್ಕವೂ ಅದೇ. ಹಳ್ಳಿಗೆ ಕರೆಂಟು ಬಂದಾಗ ಈ ಹೊಂದಾಣಿಕೆ ಸ್ವಲ್ಪ ಕೆಟ್ಟಿತು. ಸರ್ಕಾರದ ಭಾಗ್ಯಜ್ಯೋತಿ ಯೋಜನೆಯ ಒಂಟಿ ಬಲ್ಬಿನಿಂದ ಅಷ್ಟು ತೊಂದರೆಯಾಗಲಿಲ್ಲ, ಅದು ಒಳಗಿತ್ತು. ಬೀದಿಗೆ ಪ್ರಖರವಾದ ಎಲ್‌ಇಡಿ ದೀಪ, ಅಂಗಳಕ್ಕೆ ರಾತ್ರಿಯಿಡೀ ಉರಿಯುವ ದೀಪ ಬಂದ ಮೇಲೆ ಹೊರಗೇ ಬೆಳಕು, ಒಳಗೇ ಕತ್ತಲು ಎಂಬ ತಲೆಕೆಳಗು ಸ್ಥಿತಿ ಖಾಯಂ ಆಯಿತು. ಅಂಗಳದ ದೀಪ ಆರಿಸಿ, ಗೂಡಿನೊಳಗೆ ಅರ್ಧ ಗಂಟೆ ಸಣ್ಣದೊಂದು ದೀಪ ಇಟ್ಟು, ಕೋಳಿಗಳು ಕೂತ ಮೇಲೆ ತೆಗೆದುಬಿಟ್ಟರೆ ಅರ್ಧ ಓಡಾಟ ತಪ್ಪುತ್ತದೆ. ಬಾಗಿಲು ಪಡುವಣಕ್ಕಿದ್ದರೆ ಸಂಜೆಯ ಕೊನೆಯ ಬೆಳಕೇ ಆ ಕೆಲಸ ಮಾಡಿಕೊಡುತ್ತದೆ.

ಮೂರನೆಯ ಸಾಕ್ಷ್ಯ ಎಲ್ಲಕ್ಕಿಂತ ತೂಕದ್ದು, ಏಕೆಂದರೆ ಅದನ್ನು ಹಗಲಲ್ಲಿ ಯಾರೂ ಕಾಣಲಾರರು. ಕೋಳಿಯ ಕೆಂಪು ನುಸಿ ಕೋಳಿಯ ಮೈಮೇಲೆ ಬದುಕುವುದಿಲ್ಲ. ಹಗಲೆಲ್ಲ ಮರದ ಬಿರುಕು, ಗೋಡೆಯ ಸಂದು, ಅಡ್ಡೆಯ ಕೆಳಗಿನ ಮಡಿಕೆಗಳಲ್ಲಿ ಅಡಗಿ, ಕತ್ತಲಾದ ಮೇಲೆ ಹೊರಬಂದು ರಕ್ತ ಹೀರಿ ಮತ್ತೆ ಸಂದಿಗೆ ಸೇರುತ್ತದೆ. ಕೋಳಿಯಿಲ್ಲದೆ ಖಾಲಿ ಬಿಟ್ಟ ಗೂಡಿನಲ್ಲೂ ಅದು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಕೋಳಿ ಉಣ್ಣೆಯ ಚಾಳಿಯೂ ಹೀಗೆಯೇ ಇರುಳಿನದು. ಹಗಲಲ್ಲಿ ಕೋಳಿಯ ಪುಕ್ಕ ಸರಿಸಿ ನೋಡಿದವರಿಗೆ ಏನೂ ಕಾಣುವುದಿಲ್ಲ, ಗೂಡು ಬಗ್ಗಿ ನೋಡಿದವರಿಗೂ ಏನೂ ಕಾಣುವುದಿಲ್ಲ. "ಎಲ್ಲ ಚೆನ್ನಾಗೇ ಇದೆಯಲ್ಲ, ಇದಕ್ಕೇನು ರೋಗ" ಎಂದು ಬಾಗಿಲು ಹಾಕುತ್ತಾರೆ. ಒಳಗಿದ್ದ ಕೋಳಿಗೆ ರಾತ್ರಿಯೆಲ್ಲ ಕಡಿತ, ನಿದ್ದೆಗೇಡು. ಜುಟ್ಟು ಬಿಳಚುತ್ತದೆ, ಮೊಟ್ಟೆ ನಿಲ್ಲುತ್ತದೆ. ಕತ್ತಲಾಗಿ ಒಂದೆರಡು ಗಂಟೆ ಕಳೆದ ಮೇಲೆ ಬಿಳಿ ಬಟ್ಟೆಯನ್ನು ಅಡ್ಡೆಯ ಕೆಳಭಾಗಕ್ಕೆ ಒತ್ತಿ ಎಳೆದು ನೋಡಬೇಕು. ನುಸಿ ಬಿದ್ದಿದ್ದರೆ ಬಟ್ಟೆಯ ಮೇಲೆ ಕೆಂಪು ಗೀರು ಮೂಡುತ್ತದೆ, ಅದು ಆ ಕೋಳಿಗಳದೇ ರಕ್ತ. ಮನೆಯ ಹೆಂಗಸರು ಗೂಡಿಗೆ ಒಲೆಯ ಬೂದಿ ಎರಚುತ್ತಿದ್ದುದು, ಲಕ್ಕಿಸೊಪ್ಪಿನ ಹೊಗೆ ಹಾಕುತ್ತಿದ್ದುದು, ಹಬ್ಬಕ್ಕೆ ಮನೆಗೆ ಸುಣ್ಣ ಬಳಿದಾಗ ಉಳಿದ ಸುಣ್ಣವನ್ನು ಗೂಡಿನ ಗೋಡೆಗೂ ಸುರಿಯುತ್ತಿದ್ದುದು ಈ ಶತ್ರುವಿನ ಮೇಲೆಯೇ. ಸುಣ್ಣ ಸಂದು ಮುಚ್ಚುತ್ತದೆ, ಬೂದಿಯಲ್ಲಿ ಕೋಳಿ ಹೊರಳಿ ಮೈ ಕೊಡವುತ್ತದೆ. ಅವರ ಕೈಗೆ ಗೊತ್ತಿದ್ದುದು ಮನೆಯ ಮಾತಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವುದು ಇದಕ್ಕೆ. ಗೂಡು ಬಳಿದ ವಾರ ಕೋಳಿಗಳು ತಾವಾಗಿ ಒಳಗೆ ಹೋದರೆ ಅದು ಸುಣ್ಣದ ಗುಣ ಎಂದು ಯಾರೂ ಕೂಡಿಸಿ ಹೇಳುತ್ತಿರಲಿಲ್ಲ. ಕೋಳಿಗೆ ಬುದ್ಧಿ ಬಂತು ಎನ್ನುತ್ತಿದ್ದರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಗೂಡೇ ಕೆಟ್ಟದ್ದಾದರೆ ಎಲ್ಲ ಕೋಳಿಗಳೂ ಹೊರಗೆ ಉಳಿಯಬೇಕು. ಒಂಬತ್ತು ಒಳಗೆ ಹೋಗಿ ಹತ್ತನೆಯದು ಮಾತ್ರ ಒಲ್ಲೆ ಎಂದರೆ ದೋಷ ಹತ್ತನೆಯದರಲ್ಲೇ ಇರಬೇಕಲ್ಲವೇ? ಗೂಡು ಹತ್ತಕ್ಕೂ ಒಂದೇ ಎಂದು ನಂಬಿದರೆ ಮಾತ್ರ ಈ ಆಕ್ಷೇಪ ನಿಲ್ಲುತ್ತದೆ. ನಾರ್ವೆಯ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ ಬಾಲ್ಯದಿಂದಲೇ ಕೋಳಿಗಳನ್ನು ನೋಡುತ್ತ ಬಂದು, 1922ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವುಗಳೊಳಗಿನ ಕುಕ್ಕುವ ಶ್ರೇಣಿಯನ್ನು ವಿವರಿಸಿದರು. ಯಾರು ಯಾರನ್ನು ಕುಕ್ಕಬಹುದು, ಯಾರು ಕುಕ್ಕಿಸಿಕೊಂಡು ಸುಮ್ಮನಿರಬೇಕು ಎಂಬುದು ಹಿಂಡಿನಲ್ಲಿ ತೀರ್ಮಾನವಾಗಿರುತ್ತದೆ. ಹಗಲು ಬಯಲಿನಲ್ಲಿ ಕೆಳಗಿನ ಕೋಳಿ ಓಡಿ ತಪ್ಪಿಸಿಕೊಳ್ಳುತ್ತದೆ. ಸಂಜೆ ಒಂದು ಗೇಣಿನ ಬಾಗಿಲಲ್ಲಿ ಅದಕ್ಕೆ ಓಡುವ ದಾರಿಯಿಲ್ಲ. ಒಳಗೆ ಒಳ್ಳೆಯ ಮೂಲೆ ಮೊದಲೇ ಹಂಚಿಹೋಗಿರುತ್ತದೆ. ಕೊನೆಗೆ ಹೋದವಳಿಗೆ ಬಾಗಿಲಲ್ಲೇ ತಲೆಗೊಂದು ಕುಕ್ಕು. ಅದೇ ಗೂಡು ದೊಡ್ಡ ಹೇಟೆಗೆ ಮನೆ, ಕೊನೆಯವಳಿಗೆ ಬಂದೀಖಾನೆ. ಸಂತೆಯಿಂದ ಹೊಸದಾಗಿ ತಂದ ಕೋಳಿಯದೂ ಇದೇ ಪಾಡು, ಜೊತೆಗೆ ಊರೂ ಹೊಸದು. ಅದಕ್ಕೇ ಹಳಬರು ಹೊಸ ಕೋಳಿಯನ್ನು ಕೆಲವು ದಿನ ಮಂಕರಿಯಡಿಯಲ್ಲೇ ಇಟ್ಟು, ಆಮೇಲೂ ಕಾಲಿಗೆ ದಾರ ಕಟ್ಟಿ ಗೂಡಿನ ಬಳಿಯೇ ಮೇಯಿಸುತ್ತಿದ್ದರು. ಈಗ ಇದಕ್ಕೆ ಇನ್ನೊಂದು ಎಳೆ ಸೇರಿದೆ. ನಾಟಿ ಹೇಟೆ ತನ್ನ ಪಿಳ್ಳೆಗಳನ್ನು ಸಂಜೆ ಸಂಜೆ ಲೊಚಗುಟ್ಟುತ್ತ ಗೂಡಿಗೆ ಕರೆದೊಯ್ದು, ರೆಕ್ಕೆಯಡಿ ಇಟ್ಟುಕೊಂಡು, ಮನೆ ಯಾವುದೆಂದು ಕಲಿಸುತ್ತಿತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ತಳಿಗಳು ಹಿತ್ತಲಿಗೆ ಬರುವುದು ಯಂತ್ರದ ಕಾವಿನಲ್ಲಿ ಒಡೆದ ಮರಿಗಳಾಗಿ. ಅವಕ್ಕೆ ಕಲಿಸುವ ತಾಯಿಯಿಲ್ಲ. ಮೊದಲ ವಾರಗಳಲ್ಲಿ ಅಡ್ಡೆಯೇ ಕಾಣದೆ ಬೆಳೆದ ಮರಿಗಳಿಗೆ ಮುಂದೆ ಎತ್ತರಕ್ಕೆ ಹಾರಿ ಕೂರುವ ಲೆಕ್ಕಾಚಾರ ಕಷ್ಟವಾಗುತ್ತದೆಂದು ಅಧ್ಯಯನಗಳು ಕಂಡುಕೊಂಡಿವೆ. ಅಂಥ ಕೋಳಿ ಕತ್ತಲಾದರೂ ಅಂಗಳದ ಮೂಲೆಯಲ್ಲಿ ಪೆಚ್ಚಾಗಿ ನಿಂತಿರುವುದಕ್ಕೆ ಹಟ ಎಂಬ ಹೆಸರು ಸಲ್ಲದು, ಅದಕ್ಕೆ ಯಾರೂ ಪಾಠ ಹೇಳಿಲ್ಲ ಅಷ್ಟೆ.

ಎರಡನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಬರುತ್ತದೆ. ಮರವೇ ಅದರ ಮೂಲಮನೆಯಾದರೆ ಮರದಲ್ಲೇ ಬಿಟ್ಟರಾಯಿತು, ಗೂಡೇಕೆ? ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಹಾಗೆ ಬಿಟ್ಟವರಿದ್ದರು, ಅವರ ಕೋಳಿಗಳೆಲ್ಲ ಸತ್ತೇನೂ ಹೋಗಲಿಲ್ಲ. ಇದರಲ್ಲಿ ನಿಜವಿದೆ. ಹಗುರ ಮೈಯ ನಾಟಿಕೋಳಿ ಹಲಸಿನ ಎತ್ತರದ ಕೊಂಬೆಗೆ ಹಾರಿದರೆ ನಾಯಿಗೂ ನರಿಗೂ ಎಟುಕದು. ಆದರೆ ಕಾಡಿನ ಮರವೂ ಹಿತ್ತಲ ಮರವೂ ಬೇರೆ ಬೇರೆ. ಕಾಡುಕೋಳಿಗೆ ನೂರು ಮರ, ಇಂದು ಇದಾದರೆ ನಾಳೆ ಇನ್ನೊಂದು. ಹಿತ್ತಲ ಕೋಳಿಗೆ ಇರುವುದು ಒಂದೇ ಸೀಬೆ, ಒಂದೇ ನುಗ್ಗೆ. ದಿನಾ ಅದೇ ಕೊಂಬೆ. ಮರ ಹತ್ತಬಲ್ಲ ಕಾಡುಬೆಕ್ಕಿಗೂ ಪುನುಗಿಗೂ ಆ ವಿಳಾಸ ತಿಳಿಯಲು ಬಹಳ ದಿನ ಬೇಕಿಲ್ಲ. ಹಿತ್ತಲಿನ ಭಾರಿ ತಳಿಗಳಿಗೆ ಎತ್ತರ ಹಾರುವ ರೆಕ್ಕೆಯೂ ಇಲ್ಲ, ಅವು ಕೂರುವುದು ನಾಯಿಗೆ ಎಟುಕುವ ಎತ್ತರದಲ್ಲಿ. ಆಷಾಢದ ಮಳೆಯಲ್ಲಿ ರಾತ್ರಿಯಿಡೀ ನೆನೆಯುವುದು ಇದರ ಮೇಲಿನ ಮಾತು. ಹಾಗಾಗಿ ಕೋಳಿ ಮರವನ್ನು ಬಯಸುವುದಕ್ಕೆ ಕಾರಣವಿದೆ, ನಾವು ಗೂಡನ್ನು ಬಯಸುವುದಕ್ಕೂ ಕಾರಣವಿದೆ. ಕೋಳಿಯ ಆಯ್ಕೆಯೇ ಸದಾ ಸರಿ ಎಂದು ನಾನು ವಾದಿಸುತ್ತಿಲ್ಲ. ಸಾಕ್ಷಿಯ ಮಾತು ಕೇಳಬೇಕು ಎಂದರೆ ತೀರ್ಪನ್ನೂ ಸಾಕ್ಷಿಯೇ ಬರೆಯಲಿ ಎಂದಲ್ಲ. ಮರದಲ್ಲಿರುವ ಎತ್ತರ, ಗಾಳಿ, ಹಿಡಿಯಲು ದಪ್ಪನೆಯ ಅಡ್ಡೆ, ಒಬ್ಬೊಬ್ಬರಿಗೂ ಸರಿದು ಕೂರುವಷ್ಟು ಜಾಗ ಇವನ್ನು ಗೂಡಿನೊಳಗೆ ತರಬೇಕು. ಆಗ ಗೂಡು ಮರದೊಂದಿಗೆ ಸ್ಪರ್ಧಿಸಬಲ್ಲದು. ಈಗ ಮಾರುವ ತಗಡಿನ ಗೂಡುಗಳು ಈ ಸ್ಪರ್ಧೆಯಲ್ಲಿ ಸೋಲುವುದು ಬಿಸಿಯಿಂದ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಹುಮಟ್ಟಿಗೆ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪಾಗಿಸಿಕೊಳ್ಳಬೇಕು. ಏಪ್ರಿಲ್ಲಿನ ಬಿಸಿಲಿಗೆ ಕಾದ ತಗಡಿನ ಗೂಡಿನೊಳಗೆ ಸಂಜೆಯಾದರೂ ಸೆಕೆ ಉಳಿದಿರುತ್ತದೆ.

ಮೂರನೆಯ ಆಕ್ಷೇಪಕ್ಕೆ ಗಾದೆಯ ಬಲವಿದೆ: ಕೋಳಿ ಕೇಳಿ ಮಸಾಲೆ ಅರೀತಾರಾ? ನಾಳೆ ಸಾರಾಗುವ ಹಕ್ಕಿಯ ನಿದ್ದೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಹೊಟ್ಟೆ ತುಂಬಿದವರ ಚಾಳಿ, ಹಳಬರಿಗೆ ಇಂಥ ಪುರುಸೊತ್ತಿರಲಿಲ್ಲ, ಆದರೂ ಅವರ ಹಿತ್ತಲು ಕೋಳಿಯಿಂದ ತುಂಬಿತ್ತು ಎನ್ನುವವರಿದ್ದಾರೆ. ಮಸಾಲೆಯ ಮಟ್ಟಿಗೆ ಗಾದೆ ಸರಿಯೇ. ಗೂಡಿನ ಮಟ್ಟಿಗೆ ಕೋಳಿಯನ್ನು ಕೇಳದೆ ಕಟ್ಟಿದವರು ದಿನಾ ಸಂಜೆ ಪೊರಕೆ ಹಿಡಿದು ಅದರ ದಂಡ ತೆರುತ್ತಾರೆ. ಇನ್ನು ಹಿತ್ತಲು ತುಂಬಿತ್ತು ಎಂಬ ಮಾತು. ತುಂಬಿರುತ್ತಿದ್ದುದು ಹೇಟೆಗಳು ಮತ್ತೆ ಮತ್ತೆ ಕಾವಿಗೆ ಕೂತು ಮರಿ ಮಾಡುತ್ತಿದ್ದುದರಿಂದ. ಹತ್ತು ಹನ್ನೆರಡು ಮರಿಗಳಲ್ಲಿ ಎಷ್ಟು ದೊಡ್ಡವಾದವು ಎಂದು ಲೆಕ್ಕ ಇಟ್ಟವರಿಲ್ಲ. ಹದ್ದು ಹೊತ್ತದ್ದು, ಮುಂಗುಸಿ ಕಡಿದದ್ದು, ಕೇರೆಹಾವು ನುಂಗಿದ ಮೊಟ್ಟೆ, ಹಳ್ಳಿಗರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ಕಾಯಿಲೆ ಬಂದಾಗ ಒಂದೇ ವಾರದಲ್ಲಿ ಖಾಲಿಯಾದ ಗೂಡು, ಇವೆಲ್ಲ ಹಣೆಬರಹದ ಖಾತೆಗೆ ಹೋಗುತ್ತಿದ್ದವು. ನೆನಪು ಉಳಿದ ಕೋಳಿಗಳನ್ನು ಮಾತ್ರ ಎಣಿಸುತ್ತದೆ. ಆ ಸಂಜೆಗಳ ಇನ್ನೊಂದು ಮುಖವನ್ನೂ ಮರೆಮಾಚಬಾರದು. ತಪ್ಪಿಸಿಕೊಂಡ ಕೋಳಿ ಹುಡುಕಲು ಪೊದೆಗೆ, ತಿಪ್ಪೆಗೆ, ಪಕ್ಕದ ಕೇರಿಗೆ ಓಡುತ್ತಿದ್ದುದು ಸಾಮಾನ್ಯವಾಗಿ ಮನೆಯ ಹುಡುಗಿ, ಅವಳ ಓದಿನ ಹೊತ್ತಿನಲ್ಲಿ. ಕೋಳಿ ಸಿಗದಿದ್ದರೆ ಬೈಗುಳ ಕೋಳಿಗೂ ಅವಳಿಗೂ ಸಮಪಾಲು. ಕೋಳಿ ಸಾಕದ ಕೇರಿಗೆ ನುಗ್ಗಿದ ಕೋಳಿಯನ್ನು ಅಟ್ಟಿಕೊಂಡು ಬರುವಾಗ ಕೇಳಬೇಕಾದ ಮಾತುಗಳು ಬರೀ ಕೋಳಿಯ ಬಗ್ಗೆ ಇರುತ್ತಿರಲಿಲ್ಲ, ಜಾತಿಯ ಬಗ್ಗೆಯೂ ಇರುತ್ತಿದ್ದವು. ಒಳ್ಳೆಯ ಗೂಡಿದ್ದರೆ ಈ ಓಟದ ಬಹುಪಾಲು ಉಳಿಯುತ್ತಿತ್ತು. ಗೂಡು ಚೆನ್ನಾಗಿರಬೇಕೆಂಬ ವಾದ ಕೋಳಿಯ ಪರವಾಗಿರುವಷ್ಟೇ ಆ ಹುಡುಗಿಯ ಪರವಾಗಿಯೂ ಇದೆ.

ಹಾಗಾದರೆ ಹಳೆಯದರಲ್ಲಿ ಉಳಿಸಿಕೊಳ್ಳಬೇಕಾದ್ದು ಯಾವುದು? ಅಟ್ಟುವುದಂತೂ ಅಲ್ಲ. ಕೋಲು ಹಿಡಿದು ಅಟ್ಟಿದ ಕೋಳಿ ಆ ದಿನ ಒಳಗೆ ಹೋದರೂ, ಗೂಡೆಂದರೆ ಅಟ್ಟಾಟದ ಕೊನೆಯ ಜಾಗ ಎಂದು ಕಲಿಯುತ್ತದೆ. ಮಾರನೆಯ ಸಂಜೆ ಇನ್ನಷ್ಟು ದೂರ ನಿಲ್ಲುತ್ತದೆ. ಉಳಿಯಬೇಕಾದ್ದು ನುಚ್ಚು ಮತ್ತು ಕರೆ. ದಿನದ ಕೊನೆಯ ಕಾಳನ್ನು ಗೂಡಿನ ಹೊರಗೆಲ್ಲೂ ಹಾಕದೆ ಒಳಗೇ ಹಾಕಿ, ಒಂದೇ ರಾಗದಲ್ಲಿ, ಕತ್ತಲಾಗುವ ಮೊದಲೇ ಕರೆದರೆ, ಕರೆ ಮತ್ತು ಕಾಳು ಕೋಳಿಯ ತಲೆಯಲ್ಲಿ ಒಂದಾಗುತ್ತವೆ. ಮಧ್ಯಾಹ್ನ ಹೊಟ್ಟೆ ಬಿರಿಯುವಂತೆ ಮೇವು ಸುರಿದು ಸಂಜೆ ನುಚ್ಚಿಗೆ ಬರಲಿಲ್ಲ ಎಂದು ದೂರುವವರು ತಮ್ಮ ಕೈಯ ಆಮಿಷವನ್ನು ತಾವೇ ಕೆಡಿಸಿಕೊಂಡಿರುತ್ತಾರೆ. ಉಳಿಯಬೇಕಾದ ಇನ್ನೊಂದು, ಕತ್ತಲಾದ ಮೇಲೆ ಎತ್ತಿ ತರುವುದು. ಹಗಲಲ್ಲಿ ನಾಲ್ಕು ಜನರನ್ನು ಸುಸ್ತು ಮಾಡಿದ ಕೋಳಿ, ಕತ್ತಲಲ್ಲಿ ಕೂತಲ್ಲೇ ಸಿಗುತ್ತದೆ. ಟಾರ್ಚನ್ನು ಕಣ್ಣಿಗೆ ಬಿಡದೆ, ಎದೆಯ ಕೆಳಗೆ ಕಾಲಿನ ಮುಂದೆ ಮುಂಗೈಯನ್ನು ಮೆತ್ತಗೆ ಒತ್ತಿದರೆ ಅದು ಕೊಂಬೆ ಬಿಟ್ಟು ಕೈಮೇಲೆ ಕಾಲಿಡುತ್ತದೆ. ರೆಕ್ಕೆ ಬಡಿಯದಂತೆ ಇನ್ನೊಂದು ಕೈಯಿಂದ ಮುಚ್ಚಿ ತಂದು, ಒಳಗಿನ ಅಡ್ಡೆಯ ಮೇಲೆಯೇ ಕೂರಿಸಬೇಕು, ಬಾಗಿಲಲ್ಲಿ ಎಸೆಯಬಾರದು. ಬೆಳಿಗ್ಗೆ ತಾನು ಎದ್ದ ಜಾಗವನ್ನು ಕೋಳಿ ಕಾಣುತ್ತದೆ. ಹೀಗೆ ಕೆಲವು ರಾತ್ರಿ ಕಳೆದರೆ ಆ ಜಾಗ ತನ್ನದೆನಿಸುತ್ತದೆ. ಕೊನೆಗೆ, ಎಣಿಕೆ ಉಳಿಯಬೇಕು. ಬೆಳಕು ನೋಡಿ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳು ಈಗ ಸಿಗುತ್ತವೆ. ಗಡಿಯಾರಕ್ಕಿಂತ ಅವು ಮೇಲು, ಕೋಳಿಯ ಹಾಗೆಯೇ ಬೆಳಕನ್ನು ನಂಬುತ್ತವೆ. ಆದರೆ ಒಳಗೆ ಎಷ್ಟು ಸೇರಿವೆ ಎಂಬುದು ಅವಕ್ಕೆ ಗೊತ್ತಿಲ್ಲ. ಕುಕ್ಕಿಸಿಕೊಂಡು ಕೊನೆಗೆ ಬರುವವಳ ಮುಖಕ್ಕೇ ಬಾಗಿಲು ಬೀಳುತ್ತದೆ, ಮೊದಲು ಹೆದರಿ ಹೊರಗಿದ್ದವಳು ಈಗ ಬಯಸಿದರೂ ಹೊರಗೆ.

ಒಂದು ಮಾತು ಒಪ್ಪಬೇಕು. ಅಡ್ಡೆ ಕಟ್ಟಿ, ಸಂದು ಮುಚ್ಚಿ, ಬೆಳಕು ಸರಿಪಡಿಸಿ, ಹಿಂಡಿನ ಜಗಳಕ್ಕೆ ಇನ್ನೊಂದು ಬಾಗಿಲು ಮಾಡಿಕೊಟ್ಟ ಮೇಲೂ ಒಂದು ಕೋಳಿ ನುಗ್ಗೆಮರವನ್ನೇ ಹಿಡಿದು ಕೂರಬಹುದು. ಪ್ರಾಣಿಗಳಲ್ಲೂ ಸ್ವಭಾವ ಎಂಬುದಿದೆ, ಎಲ್ಲಕ್ಕೂ ಕಾರಣ ಸಿಕ್ಕೇ ಸಿಗುತ್ತದೆ ಎಂಬ ಜಂಬ ಬೇಡ. ಅಂಥದನ್ನು ಹಟಮಾರಿ ಎಂದರೆ ನನ್ನ ತಕರಾರಿಲ್ಲ. ನನ್ನ ತಕರಾರು ಆ ಮಾತು ಬರುವ ಸರದಿಯ ಬಗ್ಗೆ. ನಮ್ಮ ಮನೆಗಳಲ್ಲಿ ಅದು ಮೊದಲು ಬಂತು, ಬಂದ ಕೂಡಲೇ ಹುಡುಕಾಟ ನಿಂತಿತು. ಹಟ ಎಂದಾದ ಮೇಲೆ ಗೂಡಿನಲ್ಲಿ ನೋಡುವುದೇನು ಉಳಿಯಿತು? ಮಕ್ಕಳ ಮೇಲೂ ಸೊಸೆಯಂದಿರ ಮೇಲೂ ಆಳುಗಳ ಮೇಲೂ ಅದೇ ಮಾತು ಅಷ್ಟೇ ಬೇಗ ಬೀಳುತ್ತಿತ್ತು, ಅಲ್ಲಿಯೂ ಹುಡುಕಾಟ ಅಷ್ಟೇ ಬೇಗ ನಿಲ್ಲುತ್ತಿತ್ತು ಎಂಬುದನ್ನು ಆ ಕಾಲ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಕತ್ತಲಲ್ಲಿ ಬೆನ್ನು ಸವರಿ ಕೋಳಿ ಎಣಿಸುತ್ತಿದ್ದ ಕೈಗಳನ್ನು ಯಾರಾದರೂ ಕೂರಿಸಿ ಕೇಳಿದ್ದರೆ, ಗೂಡಿನಲ್ಲಿ ಏನು ಕಡಿಯುತ್ತದೆ, ಯಾರು ಯಾರನ್ನು ಕುಕ್ಕುತ್ತಾರೆ, ಯಾವ ತಿಂಗಳು ಕಾವು ಹೆಚ್ಚು ಎಂದು ಅವು ಹೇಳುತ್ತಿದ್ದವು. ಕೇಳಲಿಲ್ಲ, ಏಕೆಂದರೆ ಅದು ಹೆಂಗಸರ ಕೆಲಸ, ಮೊಟ್ಟೆ ಕಾಸಿನ ಕೆಲಸ. ಇಂದು ಹೊಸದಾಗಿ ಕೋಳಿ ಸಾಕುವವರ ಕೈಯಲ್ಲಿ ಅಧ್ಯಯನಗಳಿವೆ, ಸಾಮಾನುಗಳಿವೆ. ರಾತ್ರಿ ಎಂಟರ ಹೊತ್ತಿಗೆ ಒಮ್ಮೆ ಗೂಡಿನೊಳಗೆ ಕೈ ತೂರಿಸಿ, ಬಿಸಿ, ನಾತ, ಕಡಿತ, ಇಕ್ಕಟ್ಟು ನಾಲ್ಕನ್ನೂ ತಾವೇ ಪರೀಕ್ಷಿಸುವುದು ಅವರಿಗೂ ಕಷ್ಟವಲ್ಲ. ಅಷ್ಟು ಮಾಡದವರಿಗೆ ಮರದ ಮೇಲಿನ ಕೋಳಿಯನ್ನು ಹಟಮಾರಿ ಎನ್ನುವ ಹಕ್ಕಿಲ್ಲ.